ಉಕ್ಕಿನ ಮೇಲೆ ತುಕ್ಕು ಸಾಕುವ ಅಕ್ಕ

ಸೂರ್ಯ ಇನ್ನೂ ಆಸ್ಪತ್ರೆಯ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಹೊಸ ಹೆರಿಗೆ ವಿಭಾಗದ ಮುಂದೆ ನಿಲ್ಲಿಸಿದ ಅಟ್ಟಣಿಗೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಾರೆ. ಬೆನ್ನಿಗೆ ನೀರಿನ ಡಬ್ಬ, ಕೈಯಲ್ಲಿ ಉದ್ದನೆಯ ನಳಿಕೆ, ಬೆರಳುಗಳಿಗೆ ಹತ್ತಿಯ ಗ್ಲೌಸು. ಎದುರಿಗೆ ಮೂರಂತಸ್ತು ಎತ್ತರದ ಉಕ್ಕಿನ ಗೋಡೆ. ನಳಿಕೆಯನ್ನು ಗೋಡೆಯಿಂದ ಒಂದು ಮಾರು ದೂರ ಹಿಡಿದು ಮೇಲಿನಿಂದ ಕೆಳಗೆ ನೀರು ಸಿಂಪಡಿಸುತ್ತಾರೆ. ಗೋಡೆ ಬೆವರಬೇಕು, ಹನಿ ಮಾತ್ರ ಹರಿಯಬಾರದು. ಹರಿದರೆ ಕಣ್ಣೀರಿನ ಗೆರೆ ಬಿದ್ದ ಹಾಗೆ ಗುರುತು ಉಳಿದುಬಿಡುತ್ತದೆ.

“ಮಗೂಗೆ ಸ್ನಾನ ಮಾಡಿಸೋ ಹಾಗಲ್ಲ, ಮಗು ಮುಖ ಒರೆಸೋ ಹಾಗೆ. ಅಷ್ಟೇ ನೀರು,” ಎನ್ನುತ್ತಾರೆ ಅವರು.

ಕೆಳಗಿನಿಂದ ಕಾವಲುಗಾರ ಕೂಗುತ್ತಾನೆ: “ಏನು ತುಕ್ಕಕ್ಕಾ, ಕುಡಿಸಿ ಆಯ್ತಾ ನಿನ್ನ ಮಗೂಗೆ?”

“ಆಯ್ತು. ನಿನ್ನ ಕುರ್ಚಿ ಸ್ವಲ್ಪ ಆಚೆ ಎಳ್ಕೋ. ಇಲ್ದಿದ್ರೆ ನಿನ್ನ ತಲೆಗೂ ತುಕ್ಕು ಹಿಡಿಸ್ತೀನಿ.”

“ಅದಕ್ಕೆ ಹಿಡಿದು ವರ್ಷಗಳೇ ಆಯ್ತು ಬಿಡು!”

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ತುಕ್ಕಕ್ಕ ಎಂದೇ. ಮೊದಮೊದಲು ಹೀಯಾಳಿಸಲು ಇಟ್ಟ ಹೆಸರು. ಅವರು ಅದಕ್ಕೆ ಓಗೊಟ್ಟು ಓಗೊಟ್ಟು ಹೀಯಾಳಿಕೆಯ ಹಲ್ಲು ಕಿತ್ತಿದ್ದಾರೆ. ಅವರ ಕೆಲಸವೂ ಹೆಸರಿನಷ್ಟೇ ನೇರ. ಗೋಡೆಗೆ ತುಕ್ಕು ಹಿಡಿಸುವುದು. ಊರೆಲ್ಲ ತುಕ್ಕನ್ನು ಶನಿಯಂತೆ ಓಡಿಸುತ್ತಿದ್ದರೆ ಇವರು ಅದನ್ನು ಕರೆದು, ಕೂರಿಸಿ, ಉಪಚರಿಸಿ, ಗೋಡೆಯ ಮೇಲೆ ಒಂದೇ ಸಮನಾಗಿ ಹರಡಿ ಮಲಗಿಸುತ್ತಾರೆ.

ಇದು ವೆದರಿಂಗ್ ಸ್ಟೀಲ್. ಸಾಮಾನ್ಯ ಕಬ್ಬಿಣದ ತುಕ್ಕು ಪದರಪದರವಾಗಿ ಉದುರುತ್ತ ಕೊನೆಗೆ ಕಬ್ಬಿಣವನ್ನೇ ತಿಂದು ಮುಗಿಸುತ್ತದೆ. ಈ ಉಕ್ಕಿಗೆ ಚೂರು ತಾಮ್ರ, ಚೂರು ಕ್ರೋಮಿಯಂ ಬೆರೆಸಿರುತ್ತಾರೆ. ಇದರ ತುಕ್ಕು ಚರ್ಮದ ಹಾಗೆ ಗಟ್ಟಿಯಾಗಿ ಅಂಟಿ ಕೂತು ಒಳಗಿನ ಉಕ್ಕನ್ನು ತಾನೇ ಕಾಯುತ್ತದೆ. ಆದರೆ ಆ ಚರ್ಮ ಸುಮ್ಮನೆ ಬರುವುದಿಲ್ಲ. ನೆನೆಯಬೇಕು, ಒಣಗಬೇಕು, ಮತ್ತೆ ನೆನೆಯಬೇಕು, ಮತ್ತೆ ಒಣಗಬೇಕು. ಸದಾ ನೆನೆದೇ ಇದ್ದರೆ ಕೊಳೆಯುತ್ತದೆ. ಸದಾ ಒಣಗಿದ್ದರೆ ಹುಟ್ಟುವುದೇ ಇಲ್ಲ. ಅದಕ್ಕೇ ಬಿಸಿಲೇರುವ ಮುಂಚೆ ನೀರು. ಬಿಸಿಲು ಬಂದು ಒಣಗಿಸಿದ ಮೇಲೆ ಗೋಡೆಯ ಬುಡದಲ್ಲಿ ನಿಂತ ನೀರು, ಸಿಕ್ಕಿಕೊಂಡ ಎಲೆ, ಧೂಳು ತೆಗೆಯುವುದು. ಸಂಜೆ ಇನ್ನೊಮ್ಮೆ ನೀರು. ಮಳೆಗಾಲದಲ್ಲಿ ಮಾತ್ರ ರಜೆ.

ಈ ಕಟ್ಟಡದ ಫೋಟೊ ಪತ್ರಿಕೆಗಳಲ್ಲಿ ಬಂದಿದೆ. ಗೋಡೆ ‘ತಾನಾಗಿಯೇ’ ಬಣ್ಣ ತಾಳುತ್ತದೆ ಎಂದು ಬರೆದಿದ್ದಾರೆ. ತಾನಾಗಿಯೇ! ಆ ಪದ ಬರೆದ ಮಹಾನುಭಾವ ಒಂದೇ ಒಂದು ಮುಂಜಾನೆ ಈ ಡಬ್ಬವನ್ನು ಬೆನ್ನಿಗೇರಿಸಿಕೊಂಡು ಏಣಿ ಹತ್ತಲಿ. ಇಳಿಯುವಾಗ ಅವನ ಸೊಂಟ ‘ತಾನಾಗಿಯೇ’ ಮಾತಾಡುತ್ತದೆ. ನಮ್ಮಲ್ಲಿ ಅನ್ನ ತಾನಾಗಿಯೇ ಬೇಯುತ್ತದೆ, ಬೀದಿ ತಾನಾಗಿಯೇ ಗುಡಿಸಿಕೊಳ್ಳುತ್ತದೆ, ಗೋಡೆ ತಾನಾಗಿಯೇ ಬಣ್ಣ ತಾಳುತ್ತದೆ. ಬೆನ್ನು ಬಗ್ಗಿಸಿದವರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ತುಕ್ಕಕ್ಕನಿಗೆ ಸಿಟ್ಟಿಲ್ಲ. ಇವತ್ತು ಅವರಿಗೆ ಇರುವುದು ಭಯ. ಆಸ್ಪತ್ರೆಯ ಆಡಳಿತ ಮಂಡಳಿ ಇವತ್ತು ಹನ್ನೊಂದು ಗಂಟೆಗೆ ಗೋಡೆ ನೋಡಲು ಬರುತ್ತಿದೆ. ಗೋಡೆ ಹೀಗೇ ಇರಬೇಕೋ, ಬೂದು ಬಣ್ಣ ಬಳಿಸಬೇಕೋ ಎಂದು ನಿಂತಲ್ಲೇ ತೀರ್ಮಾನ. ದೂರುಗಳು ರಾಶಿ ಬಿದ್ದಿವೆ. ಮೊದಲ ತಿಂಗಳುಗಳಲ್ಲಿ ಗೋಡೆ ಕಿತ್ತಳೆ ನೀರು ಸುರಿಸಿ ಮೆಟ್ಟಿಲ ಕಲ್ಲಿಗೆ ಕಲೆ ಮಾಡಿತ್ತು. ಆಗ ಯಾರೋ ಹೇಳಿದ ಮಾತು ಈಗಲೂ ಕಾರಿಡಾರುಗಳಲ್ಲಿ ಓಡಾಡುತ್ತಿದೆ: “ತುಕ್ಕು ಹಿಡಿದ ಮೊಳೆ ಚುಚ್ಚಿದ್ರೆ ಇಂಜೆಕ್ಷನ್ ಹಾಕೋ ಆಸ್ಪತ್ರೆ, ಈಗ ಗೋಡೆಗೇ ತುಕ್ಕು ಹಿಡಿಸ್ಕೊಂಡು ಕೂತಿದೆ!”

ನಗು ಬರುತ್ತದೆ, ನಿಜ. ಆದರೆ ಬಣ್ಣ ಬಳಿದರೆ ತುಕ್ಕಕ್ಕನ ಅಷ್ಟೂ ಮುಂಜಾನೆಗಳು ಆ ಬೂದು ಬಣ್ಣದ ಕೆಳಗೆ ಸಮಾಧಿ. “ಬೇರೆ ಗೋಡೆಗಳಲ್ಲಿ ನಾನು ಸಹಾಯಕ್ಕೆ ಹೋದೋಳು. ಇದು ಹಸಿ ಉಕ್ಕಿದ್ದಾಗಿಂದ ನಾನೇ ಸಾಕಿದ್ದು. ನಾನೊಬ್ಬಳೇ,” ಎನ್ನುವಾಗ ಅವರು ಗೋಡೆಯ ಕಡೆ ನೋಡುವುದಿಲ್ಲ, ಗ್ಲೌಸು ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸುತ್ತಾರೆ.

ಇನ್ನೊಂದು ಪೇಚೂ ಇದೆ. ಬೂದು ಬಣ್ಣ ಬಳಿಯಲು ಮಂಡಳಿ ಕರೆಸಿರುವ ಪೇಂಟರ್ ಬೇರೆ ಯಾರೂ ಅಲ್ಲ, ಅವರ ಗಂಡ.

ಗಂಡ ಆಸ್ಪತ್ರೆಯ ಮಂಚ, ಕಿಟಕಿ ಕಂಬಿ, ಗೇಟುಗಳಿಗೆಲ್ಲ ವರ್ಷವರ್ಷವೂ ಬಣ್ಣ ಹೊಡೆಯುವವರು. ತುಕ್ಕು ಅವರ ಆಜನ್ಮ ವೈರಿ. ಮನೆ ಇರುವುದು ಎರಡು ಕೋಣೆ. ಒಂದು ಮೂಲೆಯಲ್ಲಿ ಅವರ ಬಣ್ಣದ ಡಬ್ಬಗಳು ಗೋಪುರದ ಹಾಗೆ ನಿಂತಿವೆ. ಇನ್ನೊಂದು ಮೂಲೆಯ ಮೊಳೆಗೆ ಇವರ ಕಿತ್ತಳೆ ಕಲೆಯ ಕೆಲಸದ ಅಂಗಿ. ಸೊಸೆ ಆ ಅಂಗಿಗೆ ಬೇರೆಯೇ ಬಕೆಟ್ ಇಟ್ಟಿದ್ದಾಳೆ. “ನಮ್ಮ ಮನೇಲಿ ಬೆಕ್ಕೂ ಇಲೀನೂ ಒಂದೇ ತಟ್ಟೇಲಿ ಉಣ್ತವೆ. ಬೆಕ್ಕು ಯಾರು, ಇಲಿ ಯಾರು ಅಂತ ಮಾತ್ರ ಕೇಳ್ಬೇಡಿ,” ಎಂದು ಅವಳು ಒಳಗಿನಿಂದಲೇ ಒಗ್ಗರಣೆ ಹಾಕುತ್ತಾಳೆ.

ವಿಚಿತ್ರವೆಂದರೆ ಒಂದು ಕಾಲಕ್ಕೆ ತುಕ್ಕಕ್ಕನೂ ತುಕ್ಕಿನ ವೈರಿಯೇ. ಬಸ್ ಡಿಪೊದಲ್ಲಿ ತಂತಿಯ ಬ್ರಶ್ ಹಿಡಿದು ಹಳೆಯ ಬಸ್ಸುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ತುಕ್ಕು ಉಜ್ಜುತ್ತಿದ್ದರು. ಕಣ್ಣಿಗೆ, ಮೂಗಿಗೆ, ಬಾಯಿಗೆ ಅದೇ ಪುಡಿ. ಉಗುಳಿದರೆ ಕೆಂಪು. ಮುಖಕ್ಕೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೇಳಿದರೆ, ಬೇಕಾದರೆ ಮನೆಯಿಂದ ತಾ ಎಂದ ಡಿಪೊದವರು, ತುಕ್ಕು ಕೀಳಲು ಮರಳು ಊದುವ ಯಂತ್ರ ಬಂದ ದಿನ ಅದಕ್ಕೆ ಮಾತ್ರ ಟಾರ್ಪಾಲಿನ ಹೊದಿಕೆ ಹೊಲಿಸಿದರು. ಯಂತ್ರ ಒಳಗೆ ಬಂತು, ಇವರು ಹೊರಗೆ ಬಂದರು. ಆಮೇಲೆ ಮನೆಗೆಲಸ, ಮದುವೆ ಮಂಟಪದ ಪಾತ್ರೆ, ಸಿಕ್ಕಿದ್ದು.

ಒಂದು ದಿನ ವಾಸ್ತುಶಿಲ್ಪಿ ಮೇಡಂ ಒಬ್ಬರು ಹುಡುಕಿಕೊಂಡು ಬಂದರು. “ತುಕ್ಕು ಉಜ್ಜಿ ಗೊತ್ತಿರೋರು ಬೇಕು ಅಂದ್ರು. ನಾನಂದೆ, ಎಲ್ಲಿ ಉಜ್ಜಬೇಕು? ಉಜ್ಜೋದಲ್ಲ, ಹಿಡಿಸ್ಬೇಕು ಅಂದ್ರು. ಪಾಪ, ಬಿಸಿಲಿಗೆ ತಲೆ ಕೆಟ್ಟಿರ್ಬೇಕು ಅನ್ಕೊಂಡು ಕೂರಿಸಿ ನೀರು ಕೊಟ್ಟೆ,” ಎಂದು ತುಕ್ಕಕ್ಕ ನಗುತ್ತಾರೆ. “ಎಲ್ಲಾ ಆ ಮೇಡಂ ಕಲಿಸಿದ್ದು. ನನ್ನ ಸ್ವಂತ ಬುದ್ಧಿ ಏನೂ ಇಲ್ಲ. ಸ್ವಂತದ್ದು ಅಂದ್ರೆ ಈ ಮಂಡಿ ನೋವು ಮಾತ್ರ.” ಮೇಡಂ ಕೊಟ್ಟ ಉಕ್ಕಿನ ತುಂಡೊಂದನ್ನು ತಾರಸಿಯ ಮೇಲೆ ನೇತುಹಾಕಿ ಅವರು ಅಭ್ಯಾಸ ಮಾಡಿದ್ದರು. ಗಂಡ ಪ್ರತಿ ಸಂಜೆ ಅದನ್ನು ನೋಡಿ, ಮನೆಗೆ ಬಂದ ಸಾಲಗಾರನನ್ನು ನೋಡಿದಂತೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಆ ಗಂಡನೇ ಈಚೆಗೆ ಒಂದು ಘನಂದಾರಿ ಕೆಲಸ ಮಾಡಿಟ್ಟಿದ್ದಾರೆ. ಹೆಂಡತಿಗೆ ಊಟದ ಡಬ್ಬಿ ಕೊಡಲು ಬಂದವರು. ಹೆಂಡತಿ ನೀರು ತುಂಬಿಸಲು ಹಿಂದುಗಡೆ ಹೋಗಿದ್ದಾರೆ. ಮುಖ್ಯ ಬಾಗಿಲ ಪಕ್ಕದ ಉಕ್ಕಿನ ಹಲಗೆಯ ಮೇಲೆ, ಕಣ್ಣಿನ ಮಟ್ಟದಲ್ಲೇ, ಹೊಸ ತುಕ್ಕು ಅರಳಿ ನಿಂತಿದೆ. ಸ್ಕೂಟರಿನ ಡಿಕ್ಕಿಯಲ್ಲಿ ಮರಳು ಕಾಗದ ಇದೆ, ಕೆಂಪು ಪ್ರೈಮರ್ ಇದೆ, ಬ್ರಶ್ ಇದೆ. ಇನ್ನೇನು ಬೇಕು? ತುಕ್ಕಕ್ಕ ಡಬ್ಬ ತುಂಬಿಸಿಕೊಂಡು ಬರುವಷ್ಟರಲ್ಲಿ ಗಂಡ ಆ ಹಲಗೆಯನ್ನು ಹೊಳೆಯುವ ಹಾಗೆ ಉಜ್ಜಿ, ಒಂದು ಕೋಟು ಪ್ರೈಮರ್ ಬಳಿದು, ಎರಡನೆಯ ಕೋಟಿಗೆ ಬ್ರಶ್ ಅದ್ದುತ್ತಿದ್ದರು.

“ಬೇಕೂಂತ ಮಾಡಿದ್ದಲ್ಲ ಸ್ವಾಮಿ,” ಎಂದು ಅವರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ. “ಬೆಂಕಿ ಬಿದ್ದಿರೋ ಮನೆ ನೋಡ್ಕೊಂಡು ಸುಮ್ನೆ ಹೋಗಕ್ಕಾಗುತ್ತಾ? ಕೈ ತಾನಾಗೇ ಹೋಯ್ತು. ಇವಳ ಕೆಲಸ ಅನ್ನೋದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರ್ಲಿಲ್ಲ.”

ಆ ವಾರ ಮನೆಯಲ್ಲಿ ಮಾತಿಲ್ಲ. ಪಾತ್ರೆಗಳೇ ಮಾತಾಡಿದವು. “ಲೋಟ ಕುಕ್ಕೋ ಸದ್ದಲ್ಲೇ ನಂಗೆ ಒಂದೊಂದು ಬೈಗುಳಾನೂ ಬಿಡಿಬಿಡಿಯಾಗಿ ಕೇಳಿಸ್ತು,” ಎನ್ನುತ್ತಾರೆ ಗಂಡ. ತುಕ್ಕಕ್ಕ ಪ್ರೈಮರ್ ಕೆರೆದು ತೆಗೆದು, ಜಿಡ್ಡು ಹೋಗುವವರೆಗೆ ಸೋಪಿನಲ್ಲಿ ತೊಳೆದು, ಬರಿ ಉಕ್ಕಿನಿಂದ ಮತ್ತೆ ಶುರು ಮಾಡಿದರು. ಗೋಡೆಯೆಲ್ಲ ಗಾಢ ಕಂದು ಬಣ್ಣಕ್ಕೆ ತಿರುಗಿದೆ. ಆ ಒಂದು ಹಲಗೆ ಮಾತ್ರ ಇನ್ನೂ ಹಸಿ ಕಿತ್ತಳೆ. ಅದೂ ಬಾಗಿಲ ಪಕ್ಕ. ಮಂಡಳಿಯ ಕಣ್ಣು ಮೊದಲು ಬೀಳುವುದೇ ಅಲ್ಲಿ.

ಹನ್ನೊಂದು ಗಂಟೆ. ಮಂಡಳಿ ಬರುತ್ತದೆ. ಮುಂದೆ ಬಿಳಿ ಶರ್ಟಿನ ಅಧ್ಯಕ್ಷರು, ಹಿಂದೆ ನಾಲ್ಕಾರು ಸದಸ್ಯರು, ಅವರ ಹಿಂದೆ ಬಣ್ಣದ ಮಾದರಿಯ ಹಾಳೆ ಹಿಡಿದ ಗಂಡ. ತುಕ್ಕಕ್ಕ ಒಂದು ಪಕ್ಕದಲ್ಲಿ ಗ್ಲೌಸು ಹಿಸುಕುತ್ತ ನಿಂತಿದ್ದಾರೆ. ಅಧ್ಯಕ್ಷರು ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಉದ್ದಕ್ಕೆ ಸವರುತ್ತಾರೆ. ಕೈ ತಿರುಗಿಸಿ ನೋಡುತ್ತಾರೆ. ಸ್ವಚ್ಛ. ಇನ್ನೊಂದು ಹಲಗೆ. ಸ್ವಚ್ಛ. ಹುಬ್ಬು ಏರುತ್ತದೆ. ಬಾಗಿಲ ಪಕ್ಕದ ಹಲಗೆಗೆ ಬರುತ್ತಾರೆ. ಕೈ ಪೂರ್ತಿ ಕಿತ್ತಳೆ. ಆ ಕೈಯನ್ನು ಬಿಳಿ ಶರ್ಟಿನಿಂದ ದೂರ ಹಿಡಿದುಕೊಂಡು, ಎಲ್ಲಿ ಒರೆಸುವುದೆಂದು ತಿಳಿಯದೆ ನಿಲ್ಲುತ್ತಾರೆ.

“ಇದೇನಮ್ಮ?”

ತುಕ್ಕಕ್ಕ ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆ ಮುಂದೆ ಚಾಚುತ್ತಾರೆ. ಹಿಂದಿನಿಂದ ಗಂಡನ ದನಿ: “ಅದು ನನ್ನ ತಪ್ಪು ಸಾರ್. ನಾನು ಬಣ್ಣ ಬಳಿದು ಕೆಡಿಸಿದ್ದೆ. ಅದು ಉಳಿದೋವಕ್ಕಿಂತ ಚಿಕ್ಕದು.”

“ಚಿಕ್ಕದು ಅಂದ್ರೆ?”

ತುಕ್ಕಕ್ಕ ಒಂದು ಹೆಜ್ಜೆ ಮುಂದೆ ಬರುತ್ತಾರೆ. “ವಯಸ್ಸಲ್ಲಿ ಚಿಕ್ಕದು ಸಾರ್. ಮಿಕ್ಕಿದ್ದೆಲ್ಲ ದೊಡ್ಡೋವಾಗಿವೆ, ಬಣ್ಣ ಬಿಡಲ್ಲ. ಇದಕ್ಕೆ ಇನ್ನೊಂದು ಮಳೆಗಾಲ ಬೇಕು.”

“ಹೆರಿಗೆಗೆ ಬಂದೋರು ನೋಡಿ ಹೆದರ್ತಾರಮ್ಮ.”

“ಒಳಗಡೆ ಹುಟ್ಟೋ ಮಕ್ಕಳೂ ಮೊದಲ ದಿನ ಕೆಂಪಗೆ, ಸುಕ್ಕು ಸುಕ್ಕಾಗೇ ಇರ್ತವೆ ಸಾರ್. ಹೆದರ್ಕೊಂಡು ಯಾರಾದ್ರೂ ಬಣ್ಣ ಹೊಡೀತಾರಾ?”

ಸದಸ್ಯರೊಬ್ಬರು ಫಕ್ಕನೆ ನಕ್ಕುಬಿಡುತ್ತಾರೆ. ಅಧ್ಯಕ್ಷರು ನಗುವುದಿಲ್ಲ. ಪೇಂಟರ್ ಕಡೆ ತಿರುಗುತ್ತಾರೆ. “ನೀನು ಹೇಳಪ್ಪ. ಬಣ್ಣ ನಿನ್ನ ಕಸುಬು. ಬಳಿಯೋದೋ ಬೇಡ್ವೋ?”

ಇಷ್ಟು ದೊಡ್ಡ ಗೋಡೆಯ ಕೆಲಸ ಆ ಮನುಷ್ಯನ ಕೈಗೆ ಹಿಂದೆಂದೂ ಬಂದದ್ದಿಲ್ಲ. ಅವರು ಹಾಳೆಯನ್ನು ನೋಡುತ್ತಾರೆ, ಗೋಡೆಯನ್ನು ನೋಡುತ್ತಾರೆ, ಹೆಂಡತಿಯನ್ನು ಮಾತ್ರ ನೋಡುವುದಿಲ್ಲ.

“ಬಳೀಬಹುದು ಸಾರ್. ಚೆನ್ನಾಗೇ ಬಳಿದುಕೊಡ್ತೀನಿ. ಆದ್ರೆ ಒಂದ್ಸಲ ಬಳಿದ್ರೆ ಕೆಲವು ವರ್ಷಕ್ಕೆ ಏಳುತ್ತೆ, ಮತ್ತೆ ಕರೀತೀರಿ. ಮತ್ತೆ ಏಳುತ್ತೆ, ಮತ್ತೆ ಕರೀತೀರಿ. ನಾನು ಸತ್ತ ಮೇಲೆ ನನ್ನ ಮಗನ್ನ ಕರೀತೀರಿ. ಇವಳು ಮಾಡಿರೋದಕ್ಕೆ ಯಾರನ್ನೂ ಕರೀಬೇಕಾಗಿಲ್ಲ.” ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, “ಬಣ್ಣದೋನು ಹೇಳೋ ಮಾತಲ್ಲ ಇದು. ಆದ್ರೆ ಬೇಡ ಸಾರ್,” ಎನ್ನುತ್ತಾರೆ.

ಅಧ್ಯಕ್ಷರು ಕಿತ್ತಳೆ ಕೈಯನ್ನು ಬಟ್ಟೆಯಲ್ಲಿ ನಿಧಾನವಾಗಿ ಒರೆಸಿಕೊಳ್ಳುತ್ತಾರೆ. “ಮೆಟ್ಟಿಲ ಕಲೆ ತೊಳೆಸಿ. ಗೋಡೆ ಇರ್ಲಿ,” ಎಂದು ಬಟ್ಟೆಯನ್ನು ಹಿಂದಕ್ಕೆ ಕೊಟ್ಟು ಒಳಗೆ ಹೋಗುತ್ತಾರೆ. ಎರಡೇ ಎರಡು ಮಾತು. ಒಂದು ಶಹಬ್ಬಾಸ್ ಎಂದಿದ್ದರೆ ನಾಲಿಗೆ ಸವೆಯುತ್ತಿತ್ತೇನೋ.

ತುಕ್ಕಕ್ಕ ಮೆಟ್ಟಿಲ ಮೇಲೆ ಕೂರುತ್ತಾರೆ. ಗಂಡ ಪಕ್ಕದಲ್ಲಿ ಬಂದು ಕೂತು ಹಾಳೆಯನ್ನು ಮಡಚಿ ಬೀಸಣಿಗೆ ಮಾಡಿ ಗಾಳಿ ಹಾಕುತ್ತಾರೆ.

“ದೊಡ್ಡ ಕೆಲಸ ಕೈಬಿಟ್ಟೆಯಲ್ಲೋ ಮಾರಾಯಾ,” ಎನ್ನುತ್ತಾರೆ ಇವರು.

“ಕೆಲಸ ಹೋದ್ರೆ ಇನ್ನೊಂದು ಬರುತ್ತೆ. ಮತ್ತೊಂದು ವಾರ ಆ ಪಾತ್ರೆಗಳ ಭಾಷಣ ಕೇಳೋ ಶಕ್ತಿ ನನಗಿಲ್ಲ.”

ಕಾವಲುಗಾರ ಎಲ್ಲಿಂದಲೋ ಮೂರು ಲೋಟ ಚಹಾ ಹಿಡಿದು ಬಂದು, ಒಂದನ್ನು ತಾನೇ ಕುಡಿಯುತ್ತಾನೆ.

ಬಾಗಿಲ ಇನ್ನೊಂದು ಪಕ್ಕದಲ್ಲಿ ಹೊಳೆಯುವ ಹಿತ್ತಾಳೆ ಫಲಕವಿದೆ. ದಾನಿಗಳು, ಅಧ್ಯಕ್ಷರು, ಉದ್ಘಾಟಕರು, ಉದ್ಘಾಟಕರ ಪಕ್ಕದಲ್ಲಿ ನಿಂತವರು, ಎಲ್ಲರ ಹೆಸರೂ ಇದೆ. ಈ ಗೋಡೆಯ ಒಂದೊಂದು ಚುಕ್ಕೆಯನ್ನೂ ಬಲ್ಲವರ ಹೆಸರಿಗೆ ಒಂದು ಗೇಣು ಜಾಗ ಸಿಗಲಿಲ್ಲವೇ? ಹಾಗೆಂದು ಕೇಳಿದರೆ ತುಕ್ಕಕ್ಕ ಚಹಾ ಚೆಲ್ಲುವಷ್ಟು ನಗುತ್ತಾರೆ.

“ಅಯ್ಯೋ, ಅದು ಹಿತ್ತಾಳೆ ಕಣಪ್ಪ! ದಿನಾ ಉಜ್ಜಬೇಕು. ನನ್ನ ಹೆಸರು ಹಾಕಿದ್ರೆ ಉಜ್ಜೋಕೆ ಯಾರನ್ನ ಕರೀತಾರೆ ಹೇಳು? ನನ್ನನ್ನೇ!”

ಹಾಗಾದರೆ ಬೇರೆ ಏನೂ ಆಸೆ ಇಲ್ಲವೇ? ಅವರು ಲೋಟ ಕೆಳಗಿಟ್ಟು ಯೋಚಿಸುತ್ತಾರೆ. ರಸ್ತೆಯ ಆಚೆ ಬದಿಯಲ್ಲಿ, ಬಸ್ ನಿಲ್ದಾಣದ ಸೂರಿನ ಕೆಳಗಿನ ಬೆಂಚಿನ ಕಡೆ ಕೈ ತೋರಿಸುತ್ತಾರೆ.

“ಈ ಮಳೆಗಾಲ ಒಂದು ದಿನ ಅಲ್ಲಿ ಕಾಲು ಚಾಚಿ ಕೂರ್ಬೇಕು. ಡಬ್ಬ ಇಲ್ದೆ, ಏಣಿ ಇಲ್ದೆ. ಮಳೆ ಈ ಗೋಡೆಗೆ ನೀರು ಹಾಕೋದನ್ನ ನೋಡ್ಬೇಕು. ನೆಟ್ಟಗೆ ಹಾಕುತ್ತೋ ಇಲ್ವೋ, ಯಾರಾದ್ರೂ ಮೇಲೆ ಕಣ್ಣಿಡಬೇಕಲ್ಲ!”