ಅಂಟು ಹಾಕಿದ ಚೂರಿ

ನನ್ನ ಹೆಂಡತಿಯ ಅಣ್ಣ ಮೂರು ವರ್ಷ ಜೇನು ಹಿಡಿಯುವುದನ್ನು ಬಿಟ್ಟು ಕುಳಿತದ್ದಕ್ಕೆ ನಾನೇ ಕಾರಣ. ಇದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಸೀತಾಂಗೋಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಮೆಷಿನಿನ ಮುಂದೆ ನಿಂತು, ನಿವೃತ್ತನಾಗಿ ಬಾಯಾರಿನ ಮನೆಯಲ್ಲಿ ಕುಳಿತ ಹೊಸತು. ಮಗಳು ತನ್ನ ಹಳೆಯ ಮೊಬೈಲ್ ಕೊಟ್ಟಿದ್ದಳು. ಅದರ ವಿಡಿಯೋಗಳಲ್ಲಿ ನನಗೆ ಸಿಕ್ಕಿದವನು ಕಾಡಿನಲ್ಲಿ ಕುಳಿತು ಚೂರಿಗಳ ಪರೀಕ್ಷೆ ಮಾಡುವ ಒಬ್ಬ ಗಡ್ಡದವ. ಅವನ ಮಾತು ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಹಗ್ಗ ಕೊಯ್ದು, ತಗಡಿನ ಡಬ್ಬಿ ತೂತು ಮಾಡಿ, ಕೊನೆಗೆ ಚೂರಿಯ ಬೆನ್ನಿಗೆ ದೊಣ್ಣೆಯಿಂದ ಬಡಿದು ಸೌದೆ ಸೀಳಿ, ಅಲಗನ್ನು ಬೆಳಕಿಗೆ ತಿರುಗಿಸಿ ನೋಡುವಾಗ ಅವನ ಮುಖದಲ್ಲಿದ್ದ ಗಾಂಭೀರ್ಯ ನನಗೆ ಬಹಳ ಹಿಡಿಸಿತು. ತಿಂಗಳೊಳಗೆ ನಾನೂ ಒಂದು ಚೂರಿ ತರಿಸಿದೆ. ಇದ್ದುದರಲ್ಲಿ ಅತಿ ಅಗ್ಗದ್ದು.

ಕಪ್ಪು ಅಲಗು, ಬೆನ್ನಿಗೆ ಗರಗಸದ ಹಲ್ಲು, ಪೊಳ್ಳು ಹಿಡಿ. ಹಿಡಿಯ ಮುಚ್ಚಳ ತಿರುಗಿಸಿದರೆ ಒಳಗೆ ಆರು ಬೆಂಕಿಕಡ್ಡಿ, ಒಂದು ಗಾಳ, ಒಂದು ಮಾರು ನೂಲು. ಮುಚ್ಚಳದ ಮೇಲೆ ದಿಕ್ಸೂಚಿ. ಕಾಡಿನಲ್ಲಿ ದಾರಿ ತಪ್ಪಿದವನಿಗೆ ಬದುಕಿ ಬರಲು ಇಷ್ಟು ಸಾಕು ಎಂದು ನಾನು ಹೆಂಡತಿಗೆ ವಿವರಿಸಿದೆ.

"ನಿಮಗೆ ದಾರಿ ತಪ್ಪಲಿಕ್ಕೆ ಕಾಡು ಎಲ್ಲಿ ಉಂಟು ಮಾರಾಯ್ರೆ?" ಎಂದಳು ಅವಳು. "ಅಂಗಡಿಗೆ ಹೋದರೆ ಊಟದ ಹೊತ್ತಿಗೆ ಮನೆಯ ದಾರಿ ಸಿಕ್ಕುವುದಿಲ್ಲ ನಿಮಗೆ. ಅದಕ್ಕೆ ತರಿಸಿದ್ದಾ?"

ನಾನು ಭಾವನಿಗೆ, ಅಂದರೆ ಅವಳ ಅಣ್ಣನಿಗೆ, ಫೋನು ಮಾಡಿ ಚೂರಿಯನ್ನು ಹೊಗಳಿಕೊಂಡೆ. ಅವರಿರುವುದು ಅಡೂರಿನಲ್ಲಿ, ಕಾಡಿನ ಅಂಚಿನಲ್ಲಿ. ಮರದ ಪೊಟರೆಯಲ್ಲಾಗಲಿ ಹುತ್ತದಲ್ಲಾಗಲಿ ತುಡುವೆ ಜೇನು ಗೂಡು ಕಟ್ಟಿದರೆ ಸುತ್ತಲಿನವರು ಕರೆಯುತ್ತಿದ್ದುದು ಅವರನ್ನೇ. ಗೂಡಿನ ಎರಿಗಳನ್ನು, ಅಂದರೆ ಮೇಣದ ಹಲ್ಲೆಗಳನ್ನು, ಒಡೆಯದ ಹಾಗೆ ಕೊಯ್ದು, ಮರದ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ, ರಾಣಿ ನೊಣವನ್ನು ಬರಿಗೈಯಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಬಿಡುತ್ತಿದ್ದರು. ರಾಣಿ ಹೋದಲ್ಲಿಗೆ ಉಳಿದವು ಸಾಲುಗಟ್ಟಿ ಹೋಗುತ್ತಿದ್ದವು. ಆ ಬೆರಳುಗಳು ಅಷ್ಟು ಹಗುರ.

ಹೆಂಡತಿ ನೆರೆಕರೆಯ ಹೆಂಗಸರ ಅಯಲ್ಕೂಟದ ಸಭೆಗೆ ಹೋದ ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಪರೀಕ್ಷೆ ಇಟ್ಟುಕೊಂಡೆ. ಹಗ್ಗ ಒಂದೇ ಎಳೆತಕ್ಕೆ ತುಂಡಾಯಿತು. ಬಾಳೆದಿಂಡನ್ನು ಸರ್ರನೆ ಕೊಯ್ದಿತು. ಬಾಳೆದಿಂಡನ್ನು ಚಮಚವೂ ಕೊಯ್ಯುತ್ತದೆ ಎನ್ನುವುದು ಆಗ ನೆನಪಾಗಲಿಲ್ಲ. ಆರು ಬೆಂಕಿಕಡ್ಡಿಗಳಲ್ಲಿ ಒಂದೂ ಹೊತ್ತಿಕೊಳ್ಳಲಿಲ್ಲ. ದಿಕ್ಸೂಚಿಯನ್ನು ಯಾವ ಕಡೆಗೆ ತಿರುಗಿಸಿದರೂ ಅದು ನಮ್ಮ ಬಚ್ಚಲುಮನೆಯೇ ಉತ್ತರ ಎಂದು ಹಠ ಹಿಡಿಯಿತು. ಇರಲಿ ಎಂದು ಹಲಸಿನ ಸೌದೆಯೊಂದನ್ನು ನಿಲ್ಲಿಸಿ, ಅದರ ಮೇಲೆ ಚೂರಿ ಇಟ್ಟು, ಗಡ್ಡದವನ ಹಾಗೆಯೇ ಮುಖ ಮಾಡಿಕೊಂಡು ದೊಣ್ಣೆಯಿಂದ ಬಡಿದೆ. ನಾಲ್ಕನೆಯ ಪೆಟ್ಟಿಗೆ ಹಿಡಿ ನನ್ನ ಕೈಯಲ್ಲಿ ಉಳಿಯಿತು, ಅಲಗು ಸೌದೆಯಲ್ಲಿ.

ನೋಡಿದರೆ ಹಿಡಿಯೊಳಗೆ ಹೋಗಿದ್ದ ಕಬ್ಬಿಣ ನನ್ನ ಕಿರುಬೆರಳಿನ ಉಗುರಿನಷ್ಟು. ಲೇತ್ ಮುಂದೆ ಜೀವಮಾನ ಕಳೆದವನಿಗೆ ಆ ಜೋಡಣೆ ನಿಲ್ಲುವಂಥದಲ್ಲ ಎಂದು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಊರೆಲ್ಲ ಹೊಗಳಿ ಆಗಿತ್ತು. ಎರಡು ಟ್ಯೂಬು ಬೆರೆಸುವ ಅಂಟು ತಂದು, ಮೆತ್ತಿ, ಒಣಗಿಸಿ, ಒರೆಯೊಳಗೆ ತೂರಿಸಿಟ್ಟೆ. ನೋಡುವವರಿಗೆ ಹೊಸದೇ.

ಆ ಭಾನುವಾರ ಭಾವ ಬಂದರು.

"ನಮ್ಮ ಕತ್ತಿಯ ಮೂತಿ ಬಗ್ಗಿದ್ದಲ್ವಾ, ಪೊಟರೆಯ ಒಳಗೆ ತಿರುಗುವುದಿಲ್ಲ. ನಿಮ್ಮದು ನೇರ ಉಂಟು, ಅಂಥದ್ದೇ ಬೇಕಾದ್ದು. ಒಂದು ದೊಡ್ಡ ಜೇನು ಕುಟುಂಬ ನೋಡಿಟ್ಟಿದ್ದೇನೆ ಭಾವ. ಚೂರಿಯ ಪರೀಕ್ಷೆ ಎಲ್ಲ ಆಯ್ತಾ?"

"ಆಯ್ತು. ಕಲ್ಲಿಗೆ ಹೊಡೆದರೂ ಅದಕ್ಕೆ ಎಂತ ಆಗ್ಲಿಕ್ಕಿಲ್ಲ" ಎಂದೆ.

ನಮ್ಮಲ್ಲಿ ಚೂರಿ, ಕತ್ತಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆಂದು ನಂಬಿಕೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಜಗಲಿಯ ದಂಡೆಯ ಮೇಲಿಟ್ಟೆ, ಭಾವ ಎತ್ತಿಕೊಂಡರು. ಆಮೇಲೆ ಮೂರು ವರ್ಷ ನನ್ನ ಮನಸ್ಸು ಈ ಪದ್ಧತಿಯ ಮರೆಯಲ್ಲೇ ಅಡಗಿ ಕುಳಿತಿತ್ತು. ನಾನು ಕೊಟ್ಟದ್ದಲ್ಲ, ಇಟ್ಟದ್ದು. ಅವರಾಗಿ ತೆಗೆದುಕೊಂಡದ್ದು.

ನಾಲ್ಕು ದಿನ ಕಳೆದು ಅವರು ಹಿಡಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಒಂದು ಕಣ್ಣು ಬಾತು ಮುಚ್ಚಿತ್ತು.

"ತಪ್ಪಾಯ್ತು ಭಾವ. ನಿಮ್ಮ ಚೂರಿ ಮುರಿದೆ."

ಎರಡನೆಯ ಎರಿ ಕೊಯ್ಯುವಾಗ ಅಲಗು ಕಳಚಿ ಗೂಡಿನ ಮೇಲೆ ಬಿದ್ದಿತ್ತು. ಎರಿಗಳು ಒಂದರ ಮೇಲೊಂದು ಕುಸಿದು, ರಾಣಿ ಅಡಿಗೆ ಸಿಕ್ಕಿ ಸತ್ತು, ಉಳಿದ ನೊಣಗಳು ಎದ್ದು ಅವರನ್ನು ಕಚ್ಚಿದ್ದವು.

"ಒಳ್ಳೆ ಚೂರಿ. ನಾನೇ ಎಲ್ಲಿಯೋ ತಿರುಚಿದ್ದು. ಕೈ ಭಾರ ಆಗಿದೆ, ಪ್ರಾಯ ಆಯ್ತಲ್ಲ" ಎಂದರು.

ಹಿಡಿಯ ಬಾಯಲ್ಲಿ ಹಳದಿ ಅಂಟು ಕಾಣುತ್ತಿತ್ತು. ಅವರ ಒಳ್ಳೆಯ ಕಣ್ಣು ಆ ಕಡೆ ಬೀಳುವ ಮೊದಲೇ ನಾನದನ್ನು ಪೇಪರಿನಲ್ಲಿ ಸುತ್ತಿ, "ಹೋಗಲಿ ಬಿಡಿ ಭಾವ, ಒಂದು ಚೂರಿ ಅಲ್ವಾ" ಎಂದು ದೊಡ್ಡ ಮನಸ್ಸು ತೋರಿಸಿದೆ. ಹೆಂಡತಿಗೆ ಎಷ್ಟು ಸಂತೋಷವಾಯಿತೆಂದರೆ ಅಂದು ಸಂಜೆ ನನಗೆ ಕೇಳದೆಯೇ ಎರಡನೆಯ ಚಾ ಸಿಕ್ಕಿತು.

ಅಷ್ಟಕ್ಕೆ ನಿಲ್ಲಲಿಲ್ಲ. ಭಾವ ಪ್ರಾಯಶ್ಚಿತ್ತವೆಂಬಂತೆ ಒಂದು ಜೇನುಪೆಟ್ಟಿಗೆ ಕಳುಹಿಸಿದರು, ನೊಣ ಸಮೇತ. ನಾನು ಬೇಡ ಎನ್ನಲಿಲ್ಲ. ಮೂರು ವರ್ಷ ದೋಸೆಗೆ ಆ ಜೇನು ಹಚ್ಚಿ ತಿಂದೆ. ಬಂದವರಿಗೂ ಬಡಿಸಿದೆ.

ಮಾತು ಹೊರಬಿದ್ದದ್ದು ಅಡೂರಿನಲ್ಲಿ. ನಾವು ಹೋಗಿದ್ದ ದಿನ ಯಾರೋ ಒಬ್ಬರು ಬಂದು, ತಮ್ಮ ತೋಟದ ಮರದಲ್ಲಿ ಜೇನು ಕೂತಿದೆ, ಹಿಡಿದುಕೊಡಬೇಕು ಎಂದು ಕೇಳಿದರು. ಭಾವ ಅಂಗಳಕ್ಕೂ ಇಳಿಯಲಿಲ್ಲ. "ನಾನು ಬಿಟ್ಟಿದ್ದೇನೆ. ನನ್ನ ಕೈಯಲ್ಲಿ ಒಂದು ಕುಟುಂಬ ಸತ್ತಿತು. ಬೇರೆ ಯಾರನ್ನಾದರೂ ಕರೆಯಿರಿ" ಎಂದರು. ಅವರು ಬಿಟ್ಟದ್ದು ನನಗೆ ಗೊತ್ತಿತ್ತು. ಮಂಡಿನೋವು ಇರಬೇಕೆಂದು ನಂಬಿಕೊಂಡಿದ್ದೆ.

ಬಂದವರು ಹೋದ ಮೇಲೆ ಹೇಳಿದೆ. "ಭಾವ, ಆ ಚೂರಿ ಮೊದಲೇ ಮುರಿದಿತ್ತು. ಮುರಿದದ್ದು ನಾನು. ಅಂಟು ಹಾಕಿ ಇಟ್ಟಿದ್ದೆ."

"ನಾನು ಕೊಂಡುಹೋಗುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಮೂರು ವರ್ಷದಿಂದ ಈ ಕೈಗೆ ಬೈಯುತ್ತಾ ಇದ್ದೇನೆ. ನಿಮಗೆ ಬೈಯಬಹುದಿತ್ತು. ಎಷ್ಟು ಸುಖ ಇತ್ತು!" ಎಂದವರು ಎದ್ದು ಒಳಗೆ ಹೋದರು. ನಾವು ಹೊರಡುವಾಗಲೂ ಹೊರಗೆ ಬರಲಿಲ್ಲ. ಬಸ್ಸಿನಲ್ಲಿ ಹೆಂಡತಿ ಇಡೀ ದಾರಿಯಲ್ಲಿ ಒಂದೇ ಮಾತು ಆಡಿದಳು: "ಆ ಜೇನು ಹೇಗೆ ಇಳಿಯಿತು ನಿಮ್ಮ ಗಂಟಲಲ್ಲಿ?"

ಎಂಟು ದಿನಕ್ಕೆ ಭಾವನ ಫೋನು ಬಂತು. "ನಾಡಿದ್ದು ಬನ್ನಿ. ಹುತ್ತದಲ್ಲಿ ಒಂದು ಕುಟುಂಬ ಉಂಟು. ಹೊಗೆ ಹಾಕಲಿಕ್ಕೆ ಜನ ಬೇಕು. ಆಯುಧ ಎಂತದ್ದೂ ತರಬೇಡಿ."

ಹೋದೆ. ತೆಂಗಿನ ನಾರಿನ ಹೊಗೆ ಊದುತ್ತ ಕುಳಿತೆ. ಭಾವ ಅಡುಗೆಮನೆಯ ಸಣ್ಣ ಚೂರಿಯಿಂದ ಎರಿಗಳನ್ನು ಒಂದೊಂದಾಗಿ ಕೊಯ್ದು ತೆಗೆದರು, ಒಂದೂ ಒಡೆಯಲಿಲ್ಲ. ಕೊನೆಗೆ ರಾಣಿ ಕಂಡಿತು. ಬೆರಳು ಚಾಚಿದರು. ಮೊದಲಾದರೆ ಅಷ್ಟರಲ್ಲಿ ಮುಷ್ಟಿ ಮುಚ್ಚಿರುತ್ತಿತ್ತು. ಅದು ತಪ್ಪಿಸಿಕೊಂಡು ಹಾರಿತು. ಹಿಂದೆಯೇ ಇಡೀ ಕುಟುಂಬ ಎದ್ದು ಮರಗಳ ಮೇಲಿಂದ ಹೋಯಿತು.

"ಅಭ್ಯಾಸ ತಪ್ಪಿದೆ" ಎಂದರು ಭಾವ, ಮೇಲೆ ನೋಡುತ್ತ. ನನಗೆ ಐದು ಕಡೆ ಕಚ್ಚಿತ್ತು. ಆ ಎರಡು ಶಬ್ದಗಳ ಮುಂದೆ ಅದು ಎಂತದ್ದೂ ಅಲ್ಲ. ಅಂದು ಅವರ ಕೈಗೆ ಇಲ್ಲದಿದ್ದ ದೋಷವನ್ನು ಮೂರು ವರ್ಷದಲ್ಲಿ ನಾನು ತಂದುಕೊಟ್ಟಿದ್ದೆ.

"ಬೇರೆ ಎಲ್ಲಾದರೂ ಉಂಟಾ ಭಾವ?" ಎಂದು ಕೇಳಿದೆ.

"ಆಚೆ ಗುಡ್ಡದ ಕಲ್ಲಿನ ಸಂದಿನಲ್ಲಿ ಒಂದು ಉಂಟು. ತುಂಬ ಹತ್ತಬೇಕು. ನಿಮಗೆ ಆಗ್ತದಾ?"

"ಧಾರಾಳ ಆಗ್ತದೆ."

ಅವರು ನನ್ನ ಮುಖವನ್ನೇ ನೋಡಿದರು. "ಇದಾದರೂ ನಿಜವಾ?"

"ಇಲ್ಲ ಭಾವ. ಎಡಗಾಲು ನೋಯುತ್ತದೆ."

"ಹಾಗೆ ಹೇಳಿ ಮತ್ತೆ" ಎಂದು ಪೆಟ್ಟಿಗೆಯನ್ನು ತಾವೇ ಎತ್ತಿ ಹೆಗಲಿಗಿಟ್ಟುಕೊಂಡರು. "ನಿಧಾನ ಹೋಗುವ."