ಏಸಿಯೊಳಗೆ ಕಟ್ಟಿದ ಐಸು

ನಮ್ಮ ಯಜಮಾನರು ಪೇಂಟಿಂಗ್ ಕೆಲಸ ಮಾಡುತ್ತಿದ್ದರು. ಕೊಪ್ಪದಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಗೆ ಬಣ್ಣ ಹೊಡೆಯುವಾಗ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಎನ್.ಆರ್.ಪುರದ ಮನೆಗೆ ಕರೆತಂದಾಗ ಎದೆಯಿಂದ ಕೆಳಗೆ ಅವರಿಗೆ ಸ್ಪರ್ಶವೇ ಇರಲಿಲ್ಲ.

"ನರಕ್ಕೆ ಪೆಟ್ಟಾಗಿದೆ, ಇವರಿಗೆ ಇನ್ನು ಸರಿಯಾಗಿ ಬೆವರು ಬರೋದಿಲ್ಲ. ರೂಮು ತಂಪಾಗಿ ಇಟ್ಕೊಳ್ಳಿ" ಎಂದು ಡಾಕ್ಟರು ಹೇಳಿದ್ದರು. ಬೆವರದಿದ್ದರೆ ಒಳ್ಳೆಯದೇ ತಾನೇ ಎಂದುಕೊಂಡಿದ್ದೆ. ಬೇಸಿಗೆ ಶುರುವಾದಾಗ ಗೊತ್ತಾಯಿತು. ಮಧ್ಯಾಹ್ನವಾದರೆ ಅವರ ಮುಖ ಕೆಂಪೇರುತ್ತಿತ್ತು, ಮಾತು ತೊದಲುತ್ತಿತ್ತು, ಹಣೆ ಮುಟ್ಟಿದರೆ ಕಾದ ಕಾವಲಿ. ಒದ್ದೆ ಬಟ್ಟೆ ಬದಲಿಸಿ ಬದಲಿಸಿ ನನ್ನ ಕೈ ಬೆರಳು ಸುಕ್ಕಾಗುತ್ತಿದ್ದವು.

ಬಟ್ಟೆ ಅಂಗಡಿಯ ಸಾಹೇಬರು ಒಮ್ಮೆ ನೋಡಲು ಬಂದವರು ಇದನ್ನು ಕಂಡು ಸುಮ್ಮನೆ ಎದ್ದು ಹೋದರು. ಮರುವಾರ ತಮ್ಮ ಮನೆಯ ಕಿಟಕಿ ಏಸಿಯನ್ನೇ ಬಿಚ್ಚಿಸಿ ಗೂಡ್ಸ್ ಆಟೋದಲ್ಲಿ ಕಳಿಸಿದರು. ಎಲೆಕ್ಟ್ರಿಷಿಯನ್ ಕಿಟಕಿಯ ಸರಳು ಕತ್ತರಿಸಿ ಅದನ್ನು ಕೂರಿಸಿ, ಎರಡು ಗುಂಡಿ ತೋರಿಸಿ ಹೋದ. ಆ ಬೇಸಿಗೆ ಕಳೆಯಿತು. ಮುಂದಿನ ಬೇಸಿಗೆಯಲ್ಲಿ ನನ್ನ ತಲೆ ಕೆಟ್ಟಿತು.

ಒಂದು ಮಧ್ಯಾಹ್ನ ಮಿಷನ್ ಗುರುಗುಟ್ಟುತ್ತಲೇ ಇತ್ತು, ರೂಮು ಮಾತ್ರ ತಣ್ಣಗಾಗಲಿಲ್ಲ. ಮುಂದಿನ ಸಂದಿಯಿಂದ ಬಗ್ಗಿ ನೋಡಿದರೆ ಒಳಗೆ ಬೆಳ್ಳಗೆ ಐಸು! ಐಸು ಕಟ್ಟುವಷ್ಟು ತಂಪಿದ್ದರೆ ಸೆಖೆ ಯಾಕೆ? ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರನ್ನು ಕರೆದೆ.

"ಐಸು ಬಂದಿದೆ ಅಂದ್ರೆ ಮಿಷನ್ ಚೆನ್ನಾಗಿದೆ ಅಂತಲೇ ಅರ್ಥ. ಗುಂಡಿ ಪೂರಾ ತಿರುಗಿಸಿಬಿಡು" ಎಂದರು. ತಿರುಗಿಸಿದೆ. ಬರುತ್ತಿದ್ದ ಒಂದಿಷ್ಟು ಗಾಳಿಯೂ ನಿಂತಿತು.

ಕೊಪ್ಪದ ಫ್ರಿಜ್ ರಿಪೇರಿಯವನಿಗೆ ಫೋನ್ ಮಾಡಿದೆ. "ಗ್ಯಾಸ್ ಖಾಲಿ ಅಮ್ಮ. ಬಿಚ್ಚಿ ತಗೊಂಡ್ ಬನ್ನಿ."

"ಖಾಲಿಯಾದ್ರೆ ಐಸು ಹೇಗೆ ಕಟ್ತು ಮಾರಾಯ?"

"ಅದು ಹಾಗೇ ಅಮ್ಮ."

ಹಾಗೇ ಅಂದರೆ ಹೇಗೆ? ಒಳಗೆ ಇವರ ಉಸಿರು ಜೋರಾಗುತ್ತಿತ್ತು. ಕೊನೆಗೆ ಸಾಹೇಬರ ಮನೆಗೇ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ. ನಾನು ಅವರನ್ನು ನೋಡಿಯೂ ಇರಲಿಲ್ಲ. ಏನು ಹೇಳಿದೆನೋ, ಐಸು, ಗ್ಯಾಸು, ಮೇಷ್ಟ್ರು, ಇವರ ಕೆಂಪೇರಿದ ಮುಖ ಎಲ್ಲ ಕಲಸಿ ಹೇಳಿರಬೇಕು.

"ಜಾಲರಿ ತೊಳೆದು ಎಷ್ಟು ದಿನ ಆಯ್ತು?" ಎಂದರು ಅವರು.

"ಯಾವ ಜಾಲರಿ?"

"ಅಯ್ಯೋ, ಕಳಿಸುವಾಗ ನಾನೇ ಹೇಳ್ಬೇಕಿತ್ತು. ನಮ್ಮನೇಲಿ ನಾನೇ ತೊಳೀತಿದ್ದೆ. ಹೋಗಿ, ಗುಂಡಿ ಬರೀ ಫ್ಯಾನಿಗೆ ಇಟ್ಟು ಬನ್ನಿ. ಐಸು ಕರಗಲಿ. ಫೋನ್ ಇಡ್ಬೇಡಿ."

ಲ್ಯಾಂಡ್‌ಲೈನು ಹಜಾರದಲ್ಲಿ, ಏಸಿ ರೂಮಿನಲ್ಲಿ. ಓಡಿದೆ, ಬಂದೆ. ಇವರಿಗೆ ಒದ್ದೆ ಬಟ್ಟೆ ಹಾಕಲು ಹೇಳಿದರು. ಓಡಿದೆ, ಬಂದೆ. ಅಷ್ಟರಲ್ಲಿ ಹಿಂದಿನಿಂದ ಹೊರಗೆ ಬೀಳಬೇಕಾದ ನೀರು ಒಳಗೂ ಸುರಿಯತೊಡಗಿ ಇನ್ನೊಂದು ಗಾಬರಿ. "ಸುರೀಲಿ ಬಿಡಿ, ಬಕೆಟ್ ಇಡಿ" ಎಂದರು. ಅರ್ಧ ಗಂಟೆಯ ಮೇಲೆ ಸ್ವಿಚ್ ಆಫ್ ಮಾಡಿಸಿ, ಮುಂದಿನ ಮುಚ್ಚಳ ಹೇಗೆ ತೆಗೆಯುವುದೆಂದು ಹೇಳಿದರು. ಅದು ತೆಗೆಯುವ ಮುಚ್ಚಳವೆಂದೇ ನನಗೆ ಗೊತ್ತಿರಲಿಲ್ಲ.

ಅದರ ಹಿಂದಿನ, ಧೂಳು ತಡೆಯುವ ಜಾಲರಿ ಹೊರಗೆ ಬಂತು. ಅದರ ತೂತುಗಳೇ ಕಾಣದಷ್ಟು ದಪ್ಪಕ್ಕೆ ಬೂದು ಧೂಳು, ಹತ್ತಿಯ ಹಾಗೆ. ಮಂಚದಿಂದ ಇವರು ನೋಡಿ, "ಎರಡು ಕೋಟ್ ಪ್ರೈಮರ್ ಹೊಡೆದ ಹಾಗಿದೆಯಲ್ಲೇ" ಎಂದರು. ಮಧ್ಯಾಹ್ನದಿಂದ ಅವರಾಡಿದ ಮೊದಲ ನೆಟ್ಟಗಿನ ಮಾತು. ಒದ್ದೆ ಬಟ್ಟೆ ಕೆಲಸ ಮಾಡಿತ್ತು.

ತೊಳೆದು, ನೆರಳಲ್ಲಿ ಒಣಗಿಸಿ ಹಾಕಲು ಹೋದರೆ ಕೂರಲೊಲ್ಲದು. "ತಲೆಕೆಳಗೆ ಹಿಡಿದಿದ್ದೀಯ ಮಾರಾಯ್ತಿ" ಎಂದರು ಇವರು ಮಂಚದಿಂದಲೇ. ತಿರುಗಿಸಿದೆ, ಕೂತಿತು. ತಂಪು ಗಾಳಿ ಬಂದಾಗ ಇವರು ಹಾಯಾಗಿ ಕಣ್ಣು ಮುಚ್ಚಿಕೊಂಡರು. ನಾನು ನೆಲದ ನೀರಲ್ಲೇ ಕೂತುಬಿಟ್ಟೆ.

ಮೂರು ದಿನದ ಮೇಲೆ ಆ ರಿಪೇರಿಯವನು ಬಂದು, ಗ್ಯಾಸ್ ಸರಿಯಾಗಿದೆ, ಗಾಳಿ ಆಡದೆ ಐಸು ಕಟ್ಟಿದ್ದು ಎಂದು ವಿವರಿಸಿದ. ತಲೆಯಾಡಿಸಿದೆ. ಗಾಳಿ ಕಡಿಮೆಯಾದರೆ ತಂಪು ಹೆಚ್ಚಾಗಿ, ತಂಪು ಹೆಚ್ಚಾದರೆ ಸೆಖೆಯಾಗುವುದು ಹೇಗೆಂದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ಹದಿನೈದು ದಿನಕ್ಕೊಮ್ಮೆ ಕೊಪ್ಪದಿಂದ ಸಾಹೇಬರ ಹೆಂಡತಿಯ ಫೋನ್ ಬರುತ್ತಿತ್ತು: "ತೊಳೆದ್ರಾ?" ತೊಳೆಯುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಯಾರೋ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಜನಗಣತಿಯವರೋ, ದಾರಿ ತಪ್ಪಿ ಬಂದವರೋ ತಿಳಿಯದೆ, "ಯಾರು ಬೇಕಿತ್ತು?" ಎಂದೆ.

"ಏಸಿ ಹೇಗಿದೆ?" ಎಂದರು.

ಫೋನಿನ ಅದೇ ದನಿ ಕೇಳಿ ಬಾಯಿ ಬಿಟ್ಟುಕೊಂಡು ನಿಂತೆ. ಒಳಗೆ ಬನ್ನಿ ಎನ್ನುವುದೂ ಮರೆತಿತ್ತು. ಅವರೇ ಒಳಗೆ ಬಂದು, ಇವರ ಮಂಚದ ಪಕ್ಕ ಕುರ್ಚಿ ಎಳೆದು ಕೂತು, "ಮುಖದ ಕೆಂಪು ಇಳಿದಿದೆ" ಎಂದರು.