ಮಂಡಕ್ಕಿ ಗಾಡಿಯ ಎದುರಿನ ಕ್ಯಾಮೆರಾ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಮುಚ್ಚಿಟ್ಟುಕೊಂಡು ಬರೆದು ಏನೂ ಆಗಬೇಕಿಲ್ಲ. ನನ್ನ ಹೆಂಡತಿ ಮದುವೆಮನೆಯಲ್ಲಿ ಯಾರದೋ ಮಾತಿಗೆ ನಕ್ಕರೆ, ಆ ನಗು ನಾವು ಮನೆಗೆ ಬಂದು ಮಲಗಿದ ಮೇಲೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿರುತ್ತದೆ. ಇಂಥವನ ಕೈಗೆ ಊರಿನ ಕ್ಯಾಮೆರಾಗಳನ್ನು ಕೊಟ್ಟರಲ್ಲ, ಅವರಿಗೆ ಏನು ಹೇಳೋಣ! ಪಾಪ, ಅವರು ನೋಡಿದ್ದು ನನ್ನ ಕಂಪ್ಯೂಟರ್ ಸರ್ಟಿಫಿಕೇಟು. ಹೊಟ್ಟೆಯೊಳಗೆ ಏನಿದೆ ಅಂತ ಯಾವ ಇಂಟರ್‌ವ್ಯೂನಲ್ಲೂ ಕೇಳುವುದಿಲ್ಲ.

ಶಿವಮೊಗ್ಗದ ಸರ್ಕಲ್ಲುಗಳಿಗೆಲ್ಲ ಕ್ಯಾಮೆರಾ ಬಂದ ಮೇಲೆ ಅವನ್ನು ನೋಡುತ್ತ ಕೂರುವುದಕ್ಕೆ ಜನ ಬೇಕಾಯಿತು. ನಾನು ಗುತ್ತಿಗೆ ಮೇಲೆ ಸೇರಿಕೊಂಡೆ. ಎಸಿ ಕೋಣೆ, ಗೋಡೆ ತುಂಬ ಪರದೆಗಳು. ಗಲಾಟೆ ಕಂಡರೆ, ಯಾರಾದರೂ ಸರ ಕಿತ್ತರೆ, ಬೈಕ್ ಕದ್ದರೆ ಸ್ಟೇಷನ್ನಿಗೆ ತಿಳಿಸಬೇಕು. ಕೆಲಸ ಕೆಟ್ಟದ್ದೇನಲ್ಲ. ಒಂದು ಸಲ ದಾರಿ ತಪ್ಪಿದ ಅಜ್ಜಿಯೊಬ್ಬರನ್ನು ಪರದೆಯಿಂದ ಪರದೆಗೆ ಹುಡುಕಿಕೊಂಡು ಹೋಗಿ ರವೀಂದ್ರನಗರದಲ್ಲಿ ಪತ್ತೆಮಾಡಿದ್ದೆ. ಅವರ ಮಗ ಬಂದು ಕೈಮುಗಿದ. ನನ್ನ ಕಾಲು ಆವತ್ತು ನೆಲದ ಮೇಲಿರಲಿಲ್ಲ. ‘ಊರೆಲ್ಲ ಕ್ಯಾಮೆರಾ ಯಾಕೆ, ಮನುಷ್ಯ ನೆಮ್ಮದಿಯಾಗಿ ಓಡಾಡೋದು ಬೇಡವಾ’ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ‘ತಪ್ಪು ಮಾಡದೆ ಇದ್ದವರಿಗೆ ಭಯ ಯಾಕ್ರೀ?’

ನಮ್ಮ ಕೆಲಸಕ್ಕೆ ಕಾಗದಪತ್ರದಲ್ಲಿ ‘ನಿಗಾ’ ಅನ್ನುತ್ತಾರೆ. ಎಂಥಾ ಮೋಸದ ಪದ ಅದು! ಮಗುವಿಗೆ ಜ್ವರ ಬಂದರೂ ನಿಗಾ, ಕಳ್ಳನ ಮೇಲೂ ನಿಗಾ. ಮದುವೆ ದಿನ ನಮ್ಮ ಅತ್ತೆ ಕಣ್ಣೀರು ಒರೆಸಿಕೊಳ್ಳುತ್ತ, “ನಮ್ಮ ಹುಡುಗಿ ಕಡೆ ಸ್ವಲ್ಪ ನಿಗಾ ಇರ್ಲಿ ಅಳಿಯಂದ್ರೇ” ಅಂದಿದ್ದರು. ಅವರು ಕೇಳಿದ್ದು ಯಾವ ನಿಗಾ, ನಾನು ಕೊಟ್ಟದ್ದು ಯಾವುದು.

ಅವಳು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಟೀಚರು. ಮಕ್ಕಳಿಲ್ಲ ನಮಗೆ, ಮನೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ, ಇಬ್ಬರೇ. ಬೆಳಗ್ಗೆ ಬಸ್ಸು ಹತ್ತಿ ಹೋದವಳು ಸಂಜೆ ಐದೂವರೆಗೆಲ್ಲ ಸರ್ಕಲ್ಲಿನಲ್ಲಿ ಇಳಿದು ಮನೆಗೆ ನಡೆದುಕೊಂಡು ಬರುತ್ತಿದ್ದಳು. ನಾನು ಬರುವುದು ಎಂಟಕ್ಕೆ. ಆ ಸರ್ಕಲ್ಲಿನ ಕ್ಯಾಮೆರಾ ನನ್ನ ಪಾಲಿನದು. ಮೊದಮೊದಲು ಅವಳು ಕಂಡರೆ ಖುಷಿಯಾಗುತ್ತಿತ್ತು. ಬಂದಳು, ಕ್ಷೇಮ, ಅಷ್ಟೇ. ಸೇರಿದ ದಿನವೇ ಹೇಳಿದ್ದರು, ಸ್ವಂತ ಕೆಲಸಕ್ಕೆ ಪರದೆ ನೋಡಬಾರದು ಅಂತ. ಹೆಂಡತಿ ರಸ್ತೆಯಲ್ಲಿ ಬಂದರೆ ಕಣ್ಣು ಮುಚ್ಚಿಕೊಳ್ಳುವುದಕ್ಕಾಗುತ್ತದಾ?

ಒಂದು ಸಂಜೆ ಅವಳು ಒಬ್ಬಳೇ ಇಳಿಯಲಿಲ್ಲ. ಜೊತೆಗೆ ಒಬ್ಬ. ಉದ್ದಕ್ಕಿದ್ದ, ಹೆಗಲಿಗೆ ಬ್ಯಾಗು. ಇಬ್ಬರೂ ನೇರ ಮಂಡಕ್ಕಿ ಗಾಡಿಯ ಹತ್ತಿರ ಹೋದರು. ಎಲಾ ಇವಳ! ನಾನು ಎಷ್ಟು ಸಲ ಮಸಾಲೆ ಮಂಡಕ್ಕಿ ಕಟ್ಟಿಸಿಕೊಂಡು ಹೋದಾಗ, “ಹೊರಗಿನ ತಿಂಡಿ ನಂಗೆ ಆಗಲ್ಲ ರೀ, ಎದೆ ಉರಿ ಬರುತ್ತೆ” ಅಂತ ಪಕ್ಕಕ್ಕೆ ಸರಿಸಿದ್ದಳೋ. ಇಲ್ಲಿ ನಿಂತು ಹಿಂದೆಮುಂದೆ ನೋಡದೆ ತಿನ್ನುತ್ತಿದ್ದಾಳೆ. ಎದೆ ಉರಿ ಬಂದದ್ದು ನನಗೆ.

ಕ್ಯಾಮೆರಾವನ್ನು ಅವಳ ಮುಖದ ಹತ್ತಿರಕ್ಕೆ ಎಳೆದೆ. ಅದಕ್ಕೆ ಕಣ್ಣಿದೆ, ಕಿವಿಯಿಲ್ಲ. ಆದರೂ ಅವಳ ತುಟಿ ಓದಿದೆ. ತುಟಿ ಕೂಡಿ ಅಗಲಕ್ಕೆ ತೆರೆದ ಆ ಒಂದು ಮಾತು ಯಾರಿಗಾದರೂ ತಿಳಿಯುತ್ತಿತ್ತು: ಮಾರಾಯ.

ನಿಮಗೆ ಇದು ನಗು ಬರಿಸಬಹುದು. ನಮ್ಮ ಕಡೆ ಆಟೋದವನೂ ಮಾರಾಯ, ದಾರಿಗೆ ಅಡ್ಡ ಮಲಗಿದ ಎತ್ತೂ ಮಾರಾಯ. ಆದರೆ ಮದುವೆಯಾದ ಹೊಸದರಲ್ಲಿ ಅವಳು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. “ಏ ಮಾರಾಯ, ಸ್ವಲ್ಪ ಜರುಗು.” ಈಗ ತೀರಿಕೊಂಡಿರುವ ನಮ್ಮ ಅಮ್ಮ ಒಂದು ದಿನ ಕೇಳಿಸಿಕೊಂಡು, “ಕಟ್ಟಿಕೊಂಡ ಗಂಡನ್ನ ಹಂಗಂತಾರೇನೇ?” ಅಂತ ಗದರಿದರು. ಮಾರನೇ ದಿನದಿಂದ ನಾನು ‘ರೀ’ ಆದೆ. ಅಮ್ಮ ಹೋದ ಮೇಲೂ ‘ರೀ’ ಆಗಿಯೇ ಉಳಿದೆ. ಬಿಟ್ಟುಹೋದ ಆ ಮಾತನ್ನು ಅವಳು ಎತ್ತಿ ಇನ್ನೊಬ್ಬನಿಗೆ ಕೊಟ್ಟಳಲ್ಲ ಅಂತ ಮೈಯೆಲ್ಲ ಉರಿದುಹೋಯಿತು.

ಇಡೀ ಸರ್ಕಲ್ ನೋಡಬೇಕಾದ ಕ್ಯಾಮೆರಾವನ್ನು ಅಷ್ಟು ಹೊತ್ತೂ ಮಂಡಕ್ಕಿ ಗಾಡಿಯ ಮೇಲೇ ಹಿಡಿದಿದ್ದೆ. ಆ ಕಡೆಯಿಂದ ಯಾರಾದರೂ ಒಂದು ಬಸ್ಸನ್ನೇ ಕದ್ದೊಯ್ದಿದ್ದರೂ ಪೊಲೀಸರಿಗೆ ಸಿಗುತ್ತಿದ್ದದ್ದು ಮಂಡಕ್ಕಿ ಕಲಸುವ ಚಿತ್ರ. ಒಂದು ವಾರ ಹೀಗೇ ನಡೆಯಿತು. ಬ್ಯಾಗಿನ ಮೇಲಿನ ಹೆಸರು ಓದಿ, ಅವನು ಅವಳ ಶಾಲೆಯವನೇ, ನವುಲೆ ಕಡೆಯ ಸಿಟಿ ಬಸ್ಸು ಹತ್ತುತ್ತಾನೆ ಅನ್ನುವವರೆಗೆ ಪತ್ತೆಯಾಯಿತು. ಅವಳು ಅವನನ್ನು ಮುಟ್ಟಲಿಲ್ಲ, ಅವನು ಇವಳನ್ನು ಮುಟ್ಟಲಿಲ್ಲ. ಮಂಡಕ್ಕಿ ತಿಂದರು, ನಕ್ಕರು, ಹೋದರು. ಕಾಮಾಲೆ ಕಣ್ಣಿಗೆ ಅಷ್ಟು ಸಾಕು.

ಕೊನೆಗೆ ಊಟಕ್ಕೆ ಕೂತಾಗ ನನ್ನ ಬಾಯಿಂದ ಬಂದೇಬಿಟ್ಟಿತು. “ಯಾರು ಆ ಮಾರಾಯ?”

“ಯಾವ ಮಾರಾಯ?”

“ಮಂಡಕ್ಕಿ ತಿಂತಾ ಕರೆದ್ಯಲ್ಲ, ಅವನು.”

ಅವಳು ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. “ಖಾರ ಕಮ್ಮಿ ಹಾಕು ಮಾರಾಯ ಅಂದಿದ್ದು ಗಾಡಿಯವನಿಗೆ. ಆ ಮೇಷ್ಟ್ರಿಗೆ ನಾನು ಸಾರ್ ಅಂತೀನಿ.” ಅಷ್ಟು ಹೇಳಿದ ಮೇಲೆ ಅವಳಿಗೆ ಹೊಳೆಯಿತು. “ನಿಮಗೆ ಹೆಂಗೆ ಗೊತ್ತು? ನೀವು ಆಫೀಸಲ್ಲಿ ಇದ್ರಲ್ಲ?”

ನಾನು ಅನ್ನ ಕಲಸಿದೆ. ಕಲಸುತ್ತಲೇ ಇದ್ದೆ.

“ಕೂತಲ್ಲಿಂದ ನನ್ನ ನೋಡ್ತಿದ್ರಾ? ಎಷ್ಟು ದಿನದಿಂದ?”

“ತಪ್ಪು ಮಾಡದೆ ಇದ್ರೆ ನೋಡಿದ್ರೇನು?” ಅಂದೆ. ಊರಿಗೆಲ್ಲ ಹೇಳಿ ಹೇಳಿ ರೂಢಿಯಾಗಿತ್ತು.

“ಬಚ್ಚಲಮನೆ ಬಾಗಿಲು ಹಾಕ್ಕೋತೀರಲ್ಲ, ಒಳಗೆ ಕಳ್ಳತನ ಮಾಡ್ತೀರಾ?” ಅಂದಳು. “ಶಾಲೇಲಿ ಟೀಚರು, ಮನೇಲಿ ಹೆಂಡ್ತಿ. ಬಸ್ ಇಳಿದು ಮನೆ ಮುಟ್ಟೋವರೆಗೆ ಒಂದು ಇಪ್ಪತ್ತು ನಿಮಿಷ ನಾನು ಯಾರೂ ಅಲ್ಲ. ಅದನ್ನೂ ಕಿತ್ಕೊಂಡ್ರಲ್ಲ ರೀ. ಊರು ಕಾಯ್ಲಿ ಅಂತ ಕೂರಿಸಿದ್ರೆ, ಬೇಲಿನೇ ಎದ್ದು ಹೊಲ ಮೇಯ್ದ ಹಂಗಾಯ್ತು.”

ತಪ್ಪಾಯ್ತು ಅನ್ನಬೇಕಿತ್ತು. ಅನ್ನಲಿಲ್ಲ. ಆ ಮೇಷ್ಟ್ರ ಮೇಲಿನ ಹೊಟ್ಟೆಯುರಿ ಆರಿದರೂ ಇನ್ನೊಂದು ಹತ್ತಿಕೊಂಡಿತು. ಆ ಇಪ್ಪತ್ತು ನಿಮಿಷದ ಮೇಲೆ, ನಾನಿಲ್ಲದೆ ಅವಳು ಅಷ್ಟು ಚೆನ್ನಾಗಿ ನಗುತ್ತಾಳಲ್ಲ ಅನ್ನುವುದರ ಮೇಲೆ.

ಮಾರನೇ ದಿನದಿಂದ ಅವಳು ಸರ್ಕಲ್ಲಿನಲ್ಲಿ ಕಾಣಲಿಲ್ಲ. ಒಂದು ಸ್ಟಾಪ್ ಮೊದಲೇ ಇಳಿದು, ಹಿಂದಿನ ಗಲ್ಲಿಯಿಂದ ಮನೆಗೆ ಬರುತ್ತಿದ್ದಳು. ಆ ಗಲ್ಲಿಗೆ ಕ್ಯಾಮೆರಾ ಇರಲಿಲ್ಲ. ನೋಡಬಾರದು ಅಂತ ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ನೋಡುತ್ತಿದ್ದೆ. ಕಂಡಾಗ ಆದ ಸಂಕಟಕ್ಕಿಂತ ಕಾಣದೆ ಇದ್ದಾಗಿನದು ಹೆಚ್ಚಾಯಿತು. ಒಂದು ಸಂಜೆ ಆ ಮೇಷ್ಟ್ರು ಗಾಡಿಯ ಹತ್ತಿರ ಒಬ್ಬನೇ ನಿಂತು ತಿನ್ನುತ್ತಿದ್ದ. ಇವಳು ಬಂದು ಸೇರಿಕೊಳ್ಳುತ್ತಾಳೇನೋ ಅಂತ ನಾನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆ. ಆಗಲೇ ಸ್ಟೇಷನ್ನಿನಿಂದ ಫೋನ್ ಬಂತು. ಬೈಕಿನಲ್ಲಿ ಬಂದ ಇಬ್ಬರು ಗಲ್ಲಿಯಲ್ಲಿ ಅವಳ ಕೊರಳಿನ ಸರ ಕಿತ್ತುಕೊಂಡು ಹೋಗಿದ್ದರು.

ಸ್ಟೇಷನ್ನಿಗೆ ಓಡಿದೆ. ಬೆಂಚಿನ ಮೇಲೆ ಕೂತಿದ್ದಳು. ಕುತ್ತಿಗೆ ಸುತ್ತ ಕೆಂಪು ಬರೆ, ಬಿದ್ದ ರಭಸಕ್ಕೆ ಮಂಡಿಯ ಹತ್ತಿರ ಸೀರೆ ಹರಿದಿತ್ತು. ಸಬ್‌ಇನ್ಸ್‌ಪೆಕ್ಟರ್ ಒಳ್ಳೆಯವರು, ನೀರು ಕೊಡಿಸಿ ನಿಧಾನಕ್ಕೆ ಕೇಳುತ್ತಿದ್ದರು.

“ಮೇನ್ ರೋಡ್ ಬಿಟ್ಟು ಆ ಗಲ್ಲಿಗೆ ಯಾಕಮ್ಮ ಹೋದ್ರಿ?”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ಅಲ್ಲಿ ಕ್ಯಾಮೆರಾ ಇಲ್ವಲ್ಲ ಸಾರ್.”

“ಅದೇ ನೋಡಿ ಪ್ರಾಬ್ಲಮ್ಮು!” ಅಂದರು ಅವರು. “ಜನ ಹಿಂಗೆ ಬಾಯಿಬಿಟ್ಟು ಕೇಳಬೇಕು.” ಬರೆದೂ ಬರೆದುಕೊಂಡರು: ಆ ಗಲ್ಲಿಗೆ ಕ್ಯಾಮೆರಾ ಬೇಕೆಂದು ಮಹಿಳೆಯ ಬೇಡಿಕೆ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಆಫೀಸಿಂದನೂ ಒಂದು ಲೆಟರ್ ಹಾಕ್ರಿ, ಬೇಗ ಆಗುತ್ತೆ” ಅಂದರು.

ಅವಳು ಹೇಳಿದ್ದು ಅದಲ್ಲ ಸಾರ್ ಅನ್ನುವುದಕ್ಕೆ ಒಂದು ಕ್ಷಣ ಸಾಕಾಗಿತ್ತು. ಅವಳು ಆ ಕ್ಷಣಕ್ಕೆ ಕಾಯುತ್ತಿದ್ದಳು ಅನ್ನುವುದೂ ನನಗೆ ಗೊತ್ತಿತ್ತು.

“ಆಯ್ತು ಸಾರ್” ಅಂದೆ.

ಲೆಟರನ್ನು ನಾನೇ ಟೈಪ್ ಮಾಡಿದೆ. ಬೀದಿದೀಪ ಸಾಲದು, ಜನಸಂಚಾರ ಕಡಿಮೆ, ಹೆಣ್ಣುಮಕ್ಕಳು ಓಡಾಡುವ ದಾರಿ. ಒಂದಕ್ಷರ ಸುಳ್ಳಿಲ್ಲ. ಆ ಗಲ್ಲಿಗೆ ಕ್ಯಾಮೆರಾ ನಿಜಕ್ಕೂ ಬೇಕಿತ್ತು. ಆದರೆ ಬರೆಯುವಾಗ ನನ್ನ ಎದೆಯಲ್ಲಿದ್ದದ್ದು ಬೇರೆ ಹೆಣ್ಣುಮಕ್ಕಳಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ತಿಂಗಳೊಳಗೆ ಕಂಬ ನೆಟ್ಟರು. ಹೋದ ಸರ ಸಿಗಲಿಲ್ಲ, ಆದರೆ ಗಲ್ಲಿಯವರಿಗೆ ಧೈರ್ಯ ಬಂತು. ಅಲ್ಲಿನ ಹೆಂಗಸೊಬ್ಬರು ನನ್ನ ಹೆಂಡತಿಯನ್ನು ನಿಲ್ಲಿಸಿ, “ನಿಮ್ಮಿಂದ ನಮಗೆ ಒಳ್ಳೇದಾಯ್ತು ನೋಡ್ರಿ, ಈಗ ನಮ್ಮ ಮಗಳು ಟ್ಯೂಷನ್ನಿಂದ ಬರೋದು ತಡವಾದ್ರೂ ಭಯ ಇಲ್ಲ” ಅಂದರಂತೆ. ಅವಳು ಅದನ್ನು ಮನೆಗೆ ಬಂದು ಹೇಳಿ ಜೋರಾಗಿ ನಕ್ಕಳು. ನಗುವುದು ನಿಂತ ಮೇಲೆ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಕೊಡಿ ಅಂದಳು.

ಭದ್ರಾವತಿಯಲ್ಲಿ, ಶಾಲೆಯ ಹಿಂದಿನ ಬೀದಿಯಲ್ಲಿ ಅವಳ ಜೊತೆಯ ಟೀಚರೊಬ್ಬರ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತಂತೆ. ಸೀರೆಗಳನ್ನು ಮಡಿಸಿಡುತ್ತಿದ್ದಳು. ಅಳಲೂ ಇಲ್ಲ, ಬೈಯಲೂ ಇಲ್ಲ. ಹೋಗಬೇಡ ಅನ್ನಬೇಕು ಅಂತ ಬಾಯಿ ತೆರೆದೆ. ಬಂದ ಮಾತು ಬೇರೆ.

“ಆ ಮೇಷ್ಟ್ರೂ ನವುಲೆ ಬಿಟ್ಟು ಆ ಕಡೆಗೇನಾದ್ರೂ ಮನೆ ಮಾಡಿದ್ರಾ?”

ಅವಳು ಮಡಿಸುವುದನ್ನು ನಿಲ್ಲಿಸಿದಳು. “ಇವತ್ತೂ ಇದೇ ಬಂತಲ್ಲ ನಿಮ್ಮ ಬಾಯಿಗೆ.”

ಬಸ್‌ಸ್ಟಾಂಡಿನವರೆಗೆ ಸೂಟ್‌ಕೇಸ್ ಹೊತ್ತುಕೊಂಡು ಹೋದದ್ದು ನಾನೇ. ಭದ್ರಾವತಿ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ಕಿಟಕಿಯ ಕೆಳಗೆ ನಿಂತು, “ಯಾವಾಗ ಬರ್ತೀಯ?” ಅಂತ ಕೇಳಿದೆ.

“ಬಂದಾಗ ಬಾಗಿಲು ತಟ್ತೀನಿ” ಅಂದಳು. “ಆವಾಗ ಗೊತ್ತಾಗುತ್ತೆ ನಿಮಗೆ.”